ಪರದೆ ಸರಿಯುವಷ್ಟರಲ್ಲಿ

ಹಿರೇಕೆರೂರಿನ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಛಾಯಾಚಿತ್ರವಿದೆ. ಹೊಸದಾಗಿ ಮನೆಗೆ ಬಂದವರು ಅದನ್ನು ನೋಡಿ, ಯಾರೋ ಚಿತ್ರದ ಅರ್ಧಕ್ಕೆ ಮಸಿ ಬಳಿದಿರಬೇಕೆಂದು ತಿಳಿಯುತ್ತಾರೆ. ಬೆಳಗಿರುವ ಅರ್ಧದಲ್ಲಿ ನನ್ನ ತಂಗಿ ಮದುಮಗಳ ಸೀರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ. ಅವಳ ಹಿಂದೆ ಬೀಗರ ಮನೆಯ ಹೆಂಗಸರು ಇದ್ದಾರೆ. ಅವಳ ಬಲಗೈ ಮುಂದಕ್ಕೆ ಚಾಚಿದೆ. ಬಳೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ. ಆದರೆ ಮಣಿಕಟ್ಟಿನಿಂದಾಚೆ ಕೈಯಿಲ್ಲ, ಆ ಕೈಯನ್ನು ಹಿಡಿದವರಿಲ್ಲ. ಇರುವುದು ಕತ್ತಲೆ ಮಾತ್ರ. ಆ ಕತ್ತಲೆಯಲ್ಲಿ ನಮ್ಮ ತಂದೆ ನಿಂತಿದ್ದರು. ಮಗಳ ಕೈಯನ್ನು ಬೀಗರಿಗೆ ಒಪ್ಪಿಸುವ ಹೊತ್ತದು. ಆ ಚಿತ್ರವನ್ನು ತೆಗೆದವನು ನಾನು. ಅದನ್ನು ಕೆಡಿಸಿದವನೂ ನಾನೇ.

ಛಾಯಾಗ್ರಹಣವೆಂಬ ಕಲೆಯಲ್ಲಿ ಮಿಂಚುದೀಪಕ್ಕೂ ಕ್ಯಾಮೆರಾದ ಪರದೆಗೂ ನಡುವೆ ಒಂದು ಗಡಿ ಇದೆ. ನಾವೆಲ್ಲ ಫ್ಲ್ಯಾಶ್ ಎಂದು ಕರೆಯುವುದು ಈ ಮಿಂಚುದೀಪವನ್ನು; ಶಟರ್ ಎಂದು ಕರೆಯುವುದು ಆ ಪರದೆಯನ್ನು. ಪರದೆಯ ವೇಗ ಒಂದು ಮಿತಿಯನ್ನು ದಾಟಿದರೆ ಮಿಂಚು ಎಷ್ಟೇ ಪ್ರಖರವಾಗಿದ್ದರೂ ಚಿತ್ರದ ಒಂದು ಭಾಗ ಕತ್ತಲೆಗೆ ಬೀಳುತ್ತದೆ. ಈ ಮಿತಿ ಎಲ್ಲಿಂದ ಬಂತು, ಅದನ್ನು ದಾಟಲು ಮನುಷ್ಯ ಏನೇನು ಮಾಡಿದ ಎಂಬುದನ್ನು, ಅದರ ದಂಡವನ್ನು ತೆತ್ತ ಒಬ್ಬನಾಗಿ, ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ನಮ್ಮ ಸೀಮೆಯ ಬೆಳಕಿನ ಮಾತು. ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ನಾಡು ನಮ್ಮದು. ಮುಂಬಯಿ ಆಡಳಿತದ ಕಾಲದಲ್ಲಿ ಇದಕ್ಕೆ ಕೋಡ ತಾಲೂಕೆಂದು ಹೆಸರು. ಧಾರವಾಡ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿತು. ಇಲ್ಲಿಯ ಹಳೆಯ ಮನೆಗಳದು ದಪ್ಪ ಮಣ್ಣಿನ ಗೋಡೆ, ಕಿರಿದಾದ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮೈಗೆ ತಂಪು, ಕಣ್ಣಿಗೆ ಕತ್ತಲೆ. ಬದುಕಿನ ದೊಡ್ಡ ಕ್ಷಣಗಳೆಲ್ಲ ನಡೆಯುತ್ತಿದ್ದುದು ಆ ಕತ್ತಲೆಯಲ್ಲೇ. ತೊಟ್ಟಿಲು ತೂಗಿದ್ದು, ದೇವರ ಮುಂದೆ ಕುಳಿತದ್ದು, ಹೆಣ್ಣು ಒಪ್ಪಿಸಿದ್ದು, ಕೊನೆಯುಸಿರು ಬಿಟ್ಟದ್ದು, ಎಲ್ಲವೂ ಒಳಗೆ. ಛಾಯಾಚಿತ್ರವಾದರೋ ಬಿಸಿಲಿನ ಕೂಸು. ಅದು ಹುಟ್ಟಿದ್ದೇ ಅಂಗಳದಲ್ಲಿ.

ಧಾರವಾಡ ಸೀಮೆಯ ಮೊದಲ ಛಾಯಾಚಿತ್ರಗಳ ಕಥೆಯೂ ಅಂಗಳದ್ದೇ. ಮುಂಬಯಿ ಸರಕಾರ 1855ರಲ್ಲಿ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯುವ ಕೆಲಸವನ್ನು ಸೈನ್ಯದ ಅಧಿಕಾರಿ ಬಿಗ್ಸ್ ಅವರಿಗೂ, ಅವರು ಸೈನ್ಯಕ್ಕೆ ಮರಳಿದ ಮೇಲೆ ವೈದ್ಯರಾಗಿದ್ದ ಪಿಗೌ ಅವರಿಗೂ ವಹಿಸಿತು. ಇವರಿಬ್ಬರ ಮತ್ತು ನೀಲ್ ಎಂಬವರ ಚಿತ್ರಗಳು, ಕರ್ನಲ್ ಮೆಡೋಸ್ ಟೇಲರ್ ಅವರ ಚರಿತ್ರೆಯ ಬರಹ ಮತ್ತು ಜೇಮ್ಸ್ ಫರ್ಗುಸನ್ ಅವರ ಟಿಪ್ಪಣಿಗಳೊಡನೆ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಚಾಲುಕ್ಯರ ಗುಡಿಗಳ ಹೊರಗೋಡೆ, ಶಿಖರ, ಮಂಟಪಗಳನ್ನು ಹೊರನಾಡಿನ ಓದುಗರು ಅದರಲ್ಲಿ ಕಂಡರು. ಆ ಚಿತ್ರಗಳಿಗೆ ದೀಪವಾದದ್ದು ನಮ್ಮೂರಿನ ಬಿಸಿಲು. ಬಿಸಿಲು ಹೊಸ್ತಿಲಲ್ಲೇ ನಿಲ್ಲುತ್ತದೆ. ಗರ್ಭಗುಡಿಯ ಕತ್ತಲೆಗೆ ಅದು ಹೋಗಲಾರದು.

ಒಳಗಿನದನ್ನು ತೋರಿಸಬೇಕಾದರೆ ಬೆಳಕನ್ನು ಒಳಗೊಯ್ಯಬೇಕು. 1860ರ ದಶಕದಲ್ಲಿ ಮೆಗ್ನೀಷಿಯಂ ಎಂಬ ಲೋಹದ ತಂತಿ ಮಾರಾಟಕ್ಕೆ ಬಂದಿತು. ಬೆಂಕಿ ತಗುಲಿದರೆ ಕಣ್ಣು ಕೋರೈಸುವ ಬಿಳಿಯ ಬೆಳಕು. ಜೊತೆಗೆ ಬಿಳಿಯ ಹೊಗೆಯೂ ಉಂಟು. 1865ರಲ್ಲಿ ಪಿಯಾಜ್ಜಿ ಸ್ಮಿತ್ ಎಂಬ ಖಗೋಳಶಾಸ್ತ್ರಜ್ಞರು ಅದನ್ನು ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಉರಿಸಿ ಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಷಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮೊದಲಾದವನ್ನು ಬೆರೆಸಿ, ಒಮ್ಮೆಗೇ ಸಿಡಿದು ಬೆಳಗುವ ಮಿಶ್ರಣವನ್ನು ಕಂಡುಹಿಡಿದರು. ಮದ್ದಿನ ಪುಡಿಗೆ ಅದು ಹತ್ತಿರದ ನೆಂಟ. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಈ ಪುಡಿಯನ್ನು ಹಿಡಿದು ನಗರದ ಬಡವರ ಕತ್ತಲೆಯ ಕೊಠಡಿಗಳಿಗೆ ಹೋದರು. ಅವರ ಪುಸ್ತಕ 1890ರಲ್ಲಿ ಹೊರಬಂದು, ಉಳ್ಳವರು ಕಾಣದ ಬದುಕನ್ನು ಅವರ ಕಣ್ಣೆದುರು ನಿಲ್ಲಿಸಿತು. ಹಾಗೆ ಹೋದಲ್ಲಿ ಅವರು ಎರಡು ಸಲ ಮನೆಗೂ ಒಂದು ಸಲ ತಮ್ಮ ಮೈಗೂ ಬೆಂಕಿ ತಗುಲಿಸಿಕೊಂಡರೆಂಬುದು ಬೇರೆ ಮಾತು.

ಇಲ್ಲಿ ಒಂದಂಶವನ್ನು ಗಮನಿಸಬೇಕು. ಈ ಕಾಲದಲ್ಲಿ ಮಿಂಚಿಗೂ ಪರದೆಗೂ ಜಗಳವೇ ಇರಲಿಲ್ಲ. ಛಾಯಾಗ್ರಾಹಕ ಮಸೂರದ ಮುಚ್ಚಳ ತೆಗೆದಿಡುತ್ತಿದ್ದ, ಪುಡಿಯನ್ನು ಸಿಡಿಸುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಕತ್ತಲೆಯಲ್ಲಿ ಬಾಗಿಲು ತೆರೆದಿದ್ದರೆ ಏನು ನಷ್ಟ? ಬೆಳಕು ಬಂದಷ್ಟು ಹೊತ್ತೇ ಚಿತ್ರದ ಹೊತ್ತು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲಿಯೇ ಇದನ್ನು ಸೊಗಸಾಗಿ ತೋರಿಸಿದ್ದರು. ವೇಗವಾಗಿ ತಿರುಗುವ ಚಕ್ರಕ್ಕೆ ಅಚ್ಚಾದ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ಕತ್ತಲೆಯ ಕೋಣೆಯಲ್ಲಿ ಕ್ಯಾಮೆರಾವನ್ನು ತೆರೆದಿಟ್ಟು, ವಿದ್ಯುತ್ತಿನ ಒಂದೇ ಕಿಡಿಯನ್ನು ಹಾರಿಸಿದರು. ಹಾಳೆ ನಿಂತಂತೆ ಚಿತ್ರ ಬಂದಿತು. ಪರದೆ ಮಾಡಬೇಕಾದ ಕೆಲಸವನ್ನು ಬೆಳಕೇ ಮಾಡಿತ್ತು.

ಜಗಳ ಹುಟ್ಟಿದ್ದು ಫಿಲ್ಮು ಸೂಕ್ಷ್ಮವಾಗಿ, ಕ್ಯಾಮೆರಾ ಕೈಗೆ ಬಂದು, ಪರದೆ ವೇಗ ಹಿಡಿದ ಮೇಲೆ. ಪರದೆಗಳಲ್ಲಿ ಎರಡು ಮನೆತನಗಳುಂಟು. ಒಂದು, ಮಸೂರದ ನಡುವೆಯೇ ಹೂವಿನ ದಳಗಳಂತೆ ಬಿಚ್ಚಿ ಮುಚ್ಚುವ ಲೋಹದ ಎಲೆಗಳದು. ಅವು ಬಿಚ್ಚಿದ ಕ್ಷಣ ಫಿಲ್ಮಿನ ಮೇಲೆಲ್ಲ ಬೆಳಕು ಬೀಳುವುದರಿಂದ, ಎಂಥ ವೇಗದಲ್ಲೂ ಅವು ಮಿಂಚಿನೊಡನೆ ಹೊಂದಿಕೊಳ್ಳುತ್ತವೆ. ರೋಲೈಫ್ಲೆಕ್ಸ್‌ನಂಥ ಕ್ಯಾಮೆರಾಗಳಲ್ಲಿ ಸೆಕೆಂಡಿನ 500ನೆಯ ಒಂದು ಭಾಗದಲ್ಲೂ ಮಿಂಚುದೀಪ ನಡೆಯುತ್ತಿದ್ದುದು ಇದರಿಂದ. ಇನ್ನೊಂದು ಮನೆತನದ ಪರದೆ ಫಿಲ್ಮಿನ ಮುಂದೆಯೇ ಇರುತ್ತದೆ. ಅಲ್ಲಿ ಇರುವುವು ಎರಡು ಪರದೆಗಳು. ಮೊದಲನೆಯದು ಸರಿದು ಫಿಲ್ಮನ್ನು ತೆರೆಯುತ್ತದೆ. ಎರಡನೆಯದು ಅದರ ಬೆನ್ನಟ್ಟಿ ಬಂದು ಮುಚ್ಚುತ್ತದೆ. 1925ರಲ್ಲಿ ಪೇಟೆಗೆ ಬಂದ ಲೈಕಾದಿಂದ ಮೊದಲುಗೊಂಡು, ಮಸೂರ ಬದಲಾಯಿಸಬಲ್ಲ ಬಹುಪಾಲು ಸಣ್ಣ ಕ್ಯಾಮೆರಾಗಳು ಈ ಎರಡನೆಯ ಮನೆತನಕ್ಕೆ ಸೇರಿದವು.

ಈ ಪರದೆಗಳು ಓಡುವ ವೇಗಕ್ಕೆ ಒಂದು ಕಟ್ಟು ಉಂಟು. ಫಿಲ್ಮಿನ 36 ಮಿಲಿಮೀಟರ್ ಅಗಲವನ್ನು ದಾಟಲು ಹಳೆಯ ಬಟ್ಟೆಯ ಪರದೆಗೆ ಸೆಕೆಂಡಿನ ಸುಮಾರು 30ನೆಯ ಒಂದು ಭಾಗ ಬೇಕು. ಹಾಗಾದರೆ 500ನೆಯ ಒಂದು ಭಾಗದ ಚಿತ್ರ ಬರುವುದು ಹೇಗೆ? ಮೊದಲ ಪರದೆ ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದು ಹೊರಡುತ್ತದೆ. ನಡುವೆ ಒಂದು ಸೀಳು ಮಾತ್ರ ಉಳಿಯುತ್ತದೆ. ಆ ಸೀಳು ಫಿಲ್ಮಿನ ಮೇಲೆ ಹರಿದುಹೋಗುತ್ತದೆ. ಚಿತ್ರದ ಒಂದೊಂದು ಭಾಗವೂ ಬೆಳಕು ಕಂಡದ್ದು 500ನೆಯ ಒಂದು ಭಾಗವೇ ಹೌದು; ಆದರೆ ಎಲ್ಲ ಭಾಗಗಳೂ ಒಂದೇ ಕ್ಷಣದಲ್ಲಿ ಕಂಡದ್ದಲ್ಲ. ಫ್ರಾನ್ಸಿನ ಲಾರ್ಟೀಗ್ ಎಂಬ ತರುಣ 1910ರ ದಶಕದ ಆರಂಭದಲ್ಲಿ ತೆಗೆದ ಪಂದ್ಯದ ಮೋಟಾರಿನ ಚಿತ್ರದಲ್ಲಿ ಗಾಲಿ ಮೊಟ್ಟೆಯಂತೆ ಓರೆಯಾಗಿ ಕಾಣುವುದು ಈ ಸೀಳಿನ ಮಹಿಮೆಯಿಂದ.

ಒಕ್ಕಲುತನದ ನಾಡಿನವನಾದ ನನಗೆ ಇದು ಅರ್ಥವಾದದ್ದು ನೀರಿನ ಮೂಲಕ. ತೋಟಕ್ಕೆ ನೀರು ಹಾಯಿಸುವವನನ್ನು ನೋಡಿ. ಕಾಲುವೆಯಲ್ಲಿ ನೀರು ಒಂದೇ ಸಮನೆ ಹರಿಯುತ್ತಿರುತ್ತದೆ. ಅವನು ಒಂದು ಮಡಿಯ ಬಾಯಿ ಬಿಡಿಸುತ್ತಾನೆ, ಹಿಂದಿನದರ ಬಾಯಿ ಕಟ್ಟುತ್ತಾನೆ, ಹೀಗೆ ಸಾಗುತ್ತಾನೆ. ಕೊನೆಗೆ ಎಲ್ಲ ಮಡಿಗಳಿಗೂ ಸಮನಾದ ಪಾಲು ಸಿಕ್ಕಿರುತ್ತದೆ. ಬಿಸಿಲು ಕಾಲುವೆಯ ನೀರು. ಮಿಂಚುದೀಪವಾದರೋ ಒಮ್ಮೆಗೇ ಸುರಿದ ಕೊಡ. ಆ ಕ್ಷಣದಲ್ಲಿ ಯಾವ ಮಡಿಗಳ ಬಾಯಿ ತೆರೆದಿದ್ದವೋ ಅವು ತೊಯ್ದವು. ಉಳಿದವು ಒಣಗಿದ್ದಂತೆಯೇ ಒಣಗಿದವು. ಆದ್ದರಿಂದ ಕೊಡ ಸುರಿಯುವಾಗ ಎಲ್ಲ ಬಾಯಿಗಳೂ ತೆರೆದಿರಬೇಕು. ಅಂದರೆ ಮೊದಲ ಪರದೆ ಪೂರ್ತಿ ಸರಿದು, ಎರಡನೆಯದು ಇನ್ನೂ ಹೊರಡದಿರುವ ಒಂದು ಗಳಿಗೆ ಬೇಕು. ಅಂಥ ಗಳಿಗೆ ದೊರೆಯುವ ಅತಿ ಹೆಚ್ಚಿನ ವೇಗವೇ ಮಿಂಚಿನ ಗಡಿ. ವೇಗದ ಬಿಲ್ಲೆಯ ಮೇಲೆ ಅದನ್ನು ಕೆಂಪು ಅಂಕಿಯಿಂದಲೋ ಮಿಂಚಿನ ಗುರುತಿನಿಂದಲೋ ತೋರಿಸಿರುವುದನ್ನು ಕ್ಯಾಮೆರಾ ಬಲ್ಲವರೆಲ್ಲ ಕಂಡಿರುತ್ತಾರೆ.

ಮೊದಮೊದಲು ಈ ಗಡಿಯನ್ನು ದಾಟುವ ಉಪಾಯವೂ ಇತ್ತು. 1929ರಲ್ಲಿ ಜರ್ಮನಿಯಲ್ಲಿ ಮಿಂಚು ಬಲ್ಬು ಬಂದಿತು. ಗಾಜಿನ ಬುರುಡೆಯೊಳಗೆ ಆಮ್ಲಜನಕ, ಅದರಲ್ಲಿ ಅಲ್ಯುಮಿನಿಯಂ ಹಾಳೆ. ಒಂದು ಸಲ ಉರಿದರೆ ಮುಗಿಯಿತು, ಎಸೆಯಬೇಕು. ಹೊಗೆಯಿಲ್ಲ, ಬೆಂಕಿಯ ಭಯವಿಲ್ಲ. ಬಲ್ಬು ಪೂರ್ತಿ ಬೆಳಗಲು ಸೆಕೆಂಡಿನ 50ನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತಿದ್ದುದರಿಂದ, ಮೊದಲು ಬಲ್ಬು ಹೊತ್ತಿಸಿ ಆಮೇಲೆ ಪರದೆ ತೆರೆಯುವ ಏರ್ಪಾಡನ್ನು ಕ್ಯಾಮೆರಾದಲ್ಲಿಯೇ ಮಾಡಿದರು. ಸೀಳು ಹರಿಯುವ ಕ್ಯಾಮೆರಾಗಳಿಗೆಂದೇ ನಿಧಾನವಾಗಿ, ಸಮನಾಗಿ ಉರಿಯುವ ಬೇರೆ ಜಾತಿಯ ಬಲ್ಬುಗಳಿದ್ದವು. ಪರದೆ ಈ ಅಂಚಿನಿಂದ ಆ ಅಂಚಿಗೆ ಮುಟ್ಟುವವರೆಗೂ ಅವು ಉರಿಯುತ್ತಿದ್ದವು. ಅದು ಕೊಡವಲ್ಲ, ಕಿರುಗಾಲುವೆ.

ಬಲ್ಬನ್ನು ಮೂಲೆಗೆ ಸರಿಸಿದ್ದು ವಿದ್ಯುನ್ಮಾನ ಮಿಂಚು. ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಇದನ್ನು ಬೆಳೆಸಿದರು. ವಿದ್ಯುತ್ತನ್ನು ಕೂಡಿಟ್ಟು, ಅನಿಲ ತುಂಬಿದ ನಾಳದ ಮೂಲಕ ಒಮ್ಮೆಗೇ ಹರಿಯಬಿಟ್ಟರೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ಬೆಳಕು. ಮತ್ತೆ ಮತ್ತೆ ಬಳಸಬಹುದು. ಬೀಳುವ ಹಾಲಿನ ಹನಿ ಕಿರೀಟದಂತೆ ಅರಳಿದ್ದನ್ನು ಅವರು ಜಗತ್ತಿಗೆ ತೋರಿಸಿದರು. ಆದರೆ ಮಿಂಚು ಚುರುಕಾದಷ್ಟೂ ಸೀಳಿನೊಡನೆ ಅದರ ವೈರ ಹೆಚ್ಚಿತು. ಸೀಳು ಎಲ್ಲಿದೆಯೋ ಅಷ್ಟಕ್ಕೇ ಬೆಳಕು ತಾಗಿ ಮುಗಿದುಹೋಗುತ್ತಿತ್ತು.

ಈಗ ನನ್ನ ಕಥೆಗೆ ಬರುತ್ತೇನೆ. 1979ರ ವೈಶಾಖದಲ್ಲಿ ನನ್ನ ತಂಗಿಯ ಮದುವೆ. ಧಾರವಾಡದಲ್ಲಿ ಓದುತ್ತಿದ್ದ ನಾನು ಗೆಳೆಯನೊಬ್ಬನಿಂದ ರಷ್ಯಾದ ಜೆನಿಟ್ ಕ್ಯಾಮೆರಾವನ್ನೂ ಒಂದು ಮಿಂಚುದೀಪವನ್ನೂ ಎರವಲು ತಂದಿದ್ದೆ. ಕಬ್ಬಿಣದಷ್ಟು ತೂಕದ ಕ್ಯಾಮೆರಾ. ಅದರ ಮಿಂಚಿನ ಗಡಿ 30ನೆಯ ಒಂದು ಭಾಗ. ಗೆಳೆಯ ಅದನ್ನು ಹೇಳಿಯೇ ಕೊಟ್ಟಿದ್ದ; ನಾನೂ ತಲೆಯಾಡಿಸಿದ್ದೆ. ಹಗಲೆಲ್ಲ ಚಪ್ಪರದ ನೆರಳಿನಲ್ಲಿ 60ನೆಯ ಒಂದು ಭಾಗದಲ್ಲಿ ಚಿತ್ರ ತೆಗೆದೆ. ಅಲ್ಲಿ ಮಿಂಚು ಬೇಕಿರಲಿಲ್ಲ. ಇಳಿಹೊತ್ತಿಗೆ ಒಳಗಿನಿಂದ ಕೂಗು ಬಂದಿತು, ಹೆಣ್ಣು ಒಪ್ಪಿಸುವ ಶಾಸ್ತ್ರ ಶುರುವಾಯಿತೆಂದು. ಓಡಿದೆ. ಮಿಂಚುದೀಪ ಸಿಕ್ಕಿಸಿದೆ. ದೂರಕ್ಕೆ ತಕ್ಕ ಹಾಗೆ ಮಸೂರದ ಕಿಂಡಿಯನ್ನು ಲೆಕ್ಕಹಾಕಿ ಇಟ್ಟೆ. ವೇಗದ ಬಿಲ್ಲೆಯನ್ನು ತಿರುಗಿಸಲಿಲ್ಲ.

ಪಡಸಾಲೆಯಲ್ಲಿ ಹಿತ್ತಾಳೆಯ ಒಂದು ದೀಪವಿತ್ತು. ಅದರ ಪಕ್ಕದಲ್ಲಿ ತಂದೆ ನಿಂತಿದ್ದರು. ಜೀವಮಾನದಲ್ಲಿ ಯಾರ ಮುಂದೆಯೂ ಕಣ್ಣೀರು ತೋರದವರು. ಮಗಳ ಕೈ ಹಿಡಿದು ಬೀಗತಿಯ ಕೈಯಲ್ಲಿ ಇಡಬೇಕು. ಹಿಡಿದರು, ಇಡಲಾರದೆ ನಿಂತರು. ನಾನು ಗುಂಡಿ ಒತ್ತಿದೆ. ಮಿಂಚು ಎಲ್ಲರ ಮುಖವನ್ನೂ ಬೆಳಗಿತು. ತಂದೆಯ ಮುಖವನ್ನು ನಾನು ಆ ಬೆಳಕಿನಲ್ಲಿ ಚೆನ್ನಾಗಿಯೇ ಕಂಡೆ. ಕಣ್ಣಿಗೆ ಕಂಡದ್ದು ಫಿಲ್ಮಿಗೂ ಕಂಡಿತೆಂದು ನಂಬಿದೆ.

ವಾರದ ಮೇಲೆ ಹಾವೇರಿಯ ಸ್ಟುಡಿಯೋದಲ್ಲಿ ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದಾಗ, ಒಳಗೆ ತೆಗೆದ ಅಷ್ಟೂ ಚಿತ್ರಗಳಲ್ಲಿ ಒಂದು ಪಕ್ಕ ಗಾಜಿನಂತೆ ಖಾಲಿಯಿತ್ತು. ಸ್ಟುಡಿಯೋದ ಹಿರಿಯರು ನೋಡಿದ ಕೂಡಲೇ ಹೇಳಿದರು: “ಮೂವತ್ತಕ್ಕ ಇಡೋದು ಬಿಟ್ಟು ಅರವತ್ತಕ್ಕ ಇಟ್ಟೀರಿ. ಎರಡನೇ ಪರದಿ ಅರ್ಧಾ ಬಂದುಬಿಟ್ಟಿತ್ತು ನೋಡ್ರಿ.” ಮಿಂಚು ಸಿಡಿದಾಗ ಮೊದಲ ಪರದೆ ಕೊನೆ ಮುಟ್ಟಿತ್ತು. ಅಷ್ಟರಲ್ಲಿ ಎರಡನೆಯದು ಹೊರಟು ಅರ್ಧ ದಾರಿ ಬಂದಿತ್ತು. ಅದು ಮುಚ್ಚಿದ ಅರ್ಧದಲ್ಲಿ ನನ್ನ ತಂದೆ ಇದ್ದರು.

ತಾಯಿ ಚಿತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. “ಯಾಕೋ ತಮ್ಮಾ, ನಿಮ್ಮಪ್ಪಾರು ಇದರಾಗ ಕಾಣವಲ್ರಲ್ಲ?” ಎಂದರು. ನನಗೆ ಉತ್ತರ ಹೊರಡಲಿಲ್ಲ. ತಂದೆಯೇ ನಕ್ಕು ಹೇಳಿದರು: “ಇರಲಿ ಬಿಡ. ಹೆಣ್ಣು ಕೊಟ್ಟಾಂವ ಕತ್ತಲಾಗ ನಿಲ್ಲಬೇಕು, ಮಗಳು ಬೆಳಕಿನ್ಯಾಗಿದ್ರ ಸಾಕು.” ಎರಡು ಮಳೆಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು. ಅವರು ಮಗಳ ಕೈ ಹಿಡಿದು ನಿಂತದ್ದಕ್ಕೆ ಬೇರೆ ಚಿತ್ರವಿಲ್ಲ.

ಆಮೇಲೆ ನಾನು ಈ ಗಡಿಯ ಚರಿತ್ರೆಯ ಬೆನ್ನು ಹತ್ತಿದೆ. ಅದು ನಿಧಾನವಾಗಿ ಮೇಲೇರಿದ ಕಥೆ. ಬಟ್ಟೆಯ ಪರದೆ 36 ಮಿಲಿಮೀಟರ್ ಅಡ್ಡಕ್ಕೆ ಓಡುವ ಬದಲು, ಲೋಹದ ಪಟ್ಟಿಗಳು 24 ಮಿಲಿಮೀಟರ್ ಎತ್ತರವನ್ನು ಮೇಲಿನಿಂದ ಕೆಳಕ್ಕೆ ದಾಟಿದರೆ ದಾರಿ ಕಡಿಮೆಯಾಗುತ್ತದೆ. ಜಪಾನಿನ ಕೋಪಾಲ್ ಸಂಸ್ಥೆಯ ಇಂಥ ಪರದೆಗಳು 1960ರ ದಶಕದಲ್ಲಿ ಗಡಿಯನ್ನು 125ನೆಯ ಒಂದು ಭಾಗಕ್ಕೆ ಒಯ್ದವು. 1982ರ ನಿಕಾನ್ ಎಫ್.ಎಂ.2, ಟೈಟಾನಿಯಂ ಲೋಹದ ಹಗುರ ಪಟ್ಟಿಗಳಿಂದ 200ಕ್ಕೆ ಏರಿತು. 1984ರಲ್ಲಿ ಅದೇ ಕ್ಯಾಮೆರಾ 250 ಮುಟ್ಟಿತು.

ಇಷ್ಟು ಚಿಕ್ಕ ಅಂಕಿಗಳಿಗಾಗಿ ಇಷ್ಟು ಶ್ರಮವೇಕೆಂದು ಕೇಳಬಹುದು. ನಮ್ಮ ಊರಿನ ಸಂತೆಯಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರನ್ನು ನಡುಹಗಲಿನಲ್ಲಿ ನಿಲ್ಲಿಸಿಕೊಳ್ಳಿ. ರುಮಾಲು ಬೆಳ್ಳಗೆ ಹೊಳೆಯುತ್ತದೆ. ಅದರ ನೆರಳಿನಲ್ಲಿ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಆ ನೆರಳನ್ನು ತುಂಬಲು ಹಗಲಿನಲ್ಲೂ ಮಿಂಚು ಬೇಕು. ಸಾಮಾನ್ಯ ಫಿಲ್ಮಿಗೆ ಆ ಬಿಸಿಲಿನಲ್ಲಿ ಕಿಂಡಿ 16ಕ್ಕಿಟ್ಟರೆ ವೇಗ 125 ಆಗುತ್ತದೆ. ವೇಗವನ್ನು 30ಕ್ಕೆ ಇಳಿಸಬೇಕಾದರೆ ಕಿಂಡಿ 32ಕ್ಕೆ ಕಿರಿದಾಗಬೇಕು. ಜೆನಿಟ್ಟಿನ ಮಸೂರ 16ಕ್ಕೇ ನಿಲ್ಲುತ್ತದೆ. ಹೀಗೆ ಗಡಿಯ ಅಂಕಿ ಚಿಕ್ಕದಾದದ್ದರಿಂದ ಮುದುಕರ ಕಣ್ಣುಗಳು ಎಷ್ಟೋ ಚಿತ್ರಗಳಲ್ಲಿ ಕಾಣದೆ ಹೋದವು. 30ರಿಂದ 125ಕ್ಕೆ ಏರಿದ್ದೆಂದರೆ, ಬಿಸಿಲಿನಲ್ಲಿ ಮನುಷ್ಯನ ಕಣ್ಣು ಕಂಡಂತೆ.

1986ರಲ್ಲಿ ಒಲಿಂಪಸ್ ಸಂಸ್ಥೆ ಹಳೆಯ ಬಲ್ಬಿನ ಉಪಾಯವನ್ನೇ ಹೊಸ ರೀತಿಯಲ್ಲಿ ತಂದಿತು. ಒಂದೇ ಕೊಡ ಸುರಿಯುವ ಬದಲು, ಸೀಳು ಹರಿಯುವಷ್ಟು ಹೊತ್ತೂ ನೂರಾರು ಚೊಂಬುಗಳನ್ನು ಎಡೆಬಿಡದೆ ಚೆಲ್ಲಿದಂತೆ, ಮಿಂಚುದೀಪ ಅತಿ ವೇಗವಾಗಿ ಮಿನುಗತೊಡಗಿತು. ಎಲ್ಲ ಮಡಿಗೂ ನೀರು ಮುಟ್ಟಿತು. ಆದರೆ ಒಂದೊಂದಕ್ಕೂ ಸಿಕ್ಕಿದ್ದು ಸ್ವಲ್ಪವೇ. ಬೆಳಕು ದೂರ ಹೋಗದು. ಮುಂದೆ ಫಿಲ್ಮಿನ ಜಾಗಕ್ಕೆ ಸಿಲಿಕಾನ್ ಬಿಲ್ಲೆ ಬಂದಿತು. 2023ರ ನವೆಂಬರಿನಲ್ಲಿ ಸೋನಿ ಸಂಸ್ಥೆ ಪ್ರಕಟಿಸಿದ ಕ್ಯಾಮೆರಾವೊಂದರಲ್ಲಿ ಓಡುವ ಪರದೆಯೇ ಇಲ್ಲ. ಬಿಲ್ಲೆಯ ಎಲ್ಲ ಕಣಗಳೂ ಒಮ್ಮೆಗೇ ಕಣ್ಣು ತೆರೆದು ಒಮ್ಮೆಗೇ ಮುಚ್ಚುತ್ತವೆ. ಅಲ್ಲಿ ಮಿಂಚು ಸೆಕೆಂಡಿನ 80,000ನೆಯ ಒಂದು ಭಾಗದವರೆಗೂ ಹೊಂದುತ್ತದೆ. ನಾನು ಎಡವಿದ ಹೊಸ್ತಿಲು ಅದರಲ್ಲಿ ಇಲ್ಲ.

ಹಾಗೆಂದು ಮಿಂಚೇ ಎಲ್ಲಕ್ಕೂ ಮದ್ದಲ್ಲ. ನಮ್ಮ ತಾಲೂಕಿನ ಅಬಲೂರಿನಲ್ಲಿ ಸೋಮೇಶ್ವರ ಗುಡಿಯಿದೆ. ಏಕಾಂತದ ರಾಮಯ್ಯನ ಕಥೆಯನ್ನು ಅಲ್ಲಿ ಶಾಸನವೂ ಹೇಳುತ್ತದೆ, ಗೋಡೆಯ ಶಿಲ್ಪಫಲಕಗಳೂ ಹೇಳುತ್ತವೆ. ಫ್ಲೀಟ್ ಅವರು ಈ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಒಮ್ಮೆ ಅಲ್ಲಿ ಎದುರಿನಿಂದ ಮಿಂಚು ಹಾಯಿಸಿ ಚಿತ್ರ ತೆಗೆದೆ. ಉಬ್ಬು ತಗ್ಗುಗಳೆಲ್ಲ ಅಳಿಸಿ, ಕಲ್ಲು ಕಾಗದದಂತೆ ಚಪ್ಪಟೆಯಾಗಿ ಬಂದಿತು. ಮರುಸಲ ಒಂದು ಕನ್ನಡಿ ಒಯ್ದು, ಅಂಗಳದ ಬಿಸಿಲನ್ನು ಪಕ್ಕದಿಂದ ತಿರುಗಿಸಿದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ನಿಧಾನವಾಗಿ ತೆಗೆದ ಆ ಚಿತ್ರದಲ್ಲಿ ಅಕ್ಷರ ಅಕ್ಷರವೂ ಎದ್ದು ನಿಂತಿತು. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಂದು, ಇಂದಿಗೂ ಜನ ನೆನೆಯುವ ಬೆಳಕಿನ ಕೋಲನ್ನು ಮೂಡಿಸಿದ್ದು ಇದೇ ದಾರಿಯಲ್ಲಿ. ನಿಲ್ಲುವ ವಸ್ತುವಿಗೆ ನಿಲ್ಲುವ ಬೆಳಕು ಸಾಕು. ಮಿಂಚು ಬೇಕಾದದ್ದು ನಿಲ್ಲದವರಿಗೆ, ಒಂದು ಗಳಿಗೆ ಕೈ ಹಿಡಿದು ಬಿಡುವವರಿಗೆ.

ಈಚೆಗೆ ಆ ಹಳೆಯ ಫಿಲ್ಮನ್ನು ತಂಗಿಯ ಮಗ ತನ್ನ ಯಂತ್ರದಲ್ಲಿಟ್ಟು ಬಹಳ ದೊಡ್ಡದಾಗಿ ಮಾಡಿ ತೋರಿಸಿದ. ಕತ್ತಲೆಯ ಭಾಗವನ್ನು ಎಷ್ಟು ಬೆಳಗಿಸಿದರೂ ಮುಖ ಬರಲಿಲ್ಲ. ಬೀಳದ ಬೆಳಕನ್ನು ಯಾವ ಯಂತ್ರವೂ ಹುಡುಕಿ ತರಲಾರದು. ಆದರೆ ನಾನು ನಲವತ್ತು ವರ್ಷಕ್ಕೂ ಮೇಲೆ ಚಿತ್ರದ ಮೇಲಿನ ಕಲೆಯೆಂದು ತಿಳಿದಿದ್ದ ಒಂದು ಬಿಳಿಯ ಚುಕ್ಕೆ ಅಲ್ಲಿ ಕಲೆಯಾಗಿರಲಿಲ್ಲ. ಅದು ಹಿತ್ತಾಳೆಯ ದೀಪದ ಕುಡಿ. ಮಿಂಚಿನ ಹಂಗು ಅದಕ್ಕಿಲ್ಲ; ತನ್ನ ಬೆಳಕಿನಲ್ಲೇ ಉರಿಯುತ್ತಿದ್ದದ್ದು, ಸೀಳು ತನ್ನ ಮುಂದೆ ಹಾದಾಗ ತಾನೇ ಮೂಡಿಕೊಂಡಿತ್ತು. ತಂದೆ ನಿಂತಿದ್ದದ್ದು ಆ ದೀಪದ ಪಕ್ಕದಲ್ಲಿ, ಒಂದು ಮೊಳದ ಅಂತರದಲ್ಲಿ. ತಂಗಿ ಆ ಚುಕ್ಕೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, “ಇಲ್ಲೇ ಇದ್ರು” ಎಂದಳು.